ದಿಬ್ಬದ ಗಾಳಿ ಅಳೆದ ವರ್ಷ

ಗಾಳಿಯ ಕೆಲಸ ನನಗೆ ಬಂದದ್ದು ಒಂದು ಖುರ್ಚಿಯ ದೆಸೆಯಿಂದ. ಹುಬ್ಬಳ್ಳಿ ಮತ್ತು ಧಾರವಾಡ ಬೆಳೆಯುತ್ತ ಬೆಳೆಯುತ್ತ ನಡುವಿನ ಹೊಲಗಳನ್ನೆಲ್ಲ ದಾಟಿ ಒಂದೇ ಊರಾಗುತ್ತಿದ್ದವು. ಇನ್ನು ಇಪ್ಪತ್ತು ವರ್ಷಕ್ಕೆ ಆ ಊರಿಗೆ ಎಷ್ಟು ಕರೆಂಟು ಬೇಕು, ಕಲ್ಲಿದ್ದಲು ಸುಡದೆ ಅದನ್ನು ಎಲ್ಲಿಂದ ತರಬೇಕು ಎಂದು ಯೋಜನೆ ಬರೆಯುವ ಸಣ್ಣ ಕಚೇರಿಯೊಂದರಲ್ಲಿ ನಾನಿದ್ದೆ. ಒಬ್ಬರು ಮಾಳಿಗೆಗಳ ಮೇಲಿನ ಬಿಸಿಲಿನ ಲೆಕ್ಕ ನೋಡುತ್ತಿದ್ದರು, ಇನ್ನೊಬ್ಬರು ಬ್ಯಾಟರಿಗಳದು. ಗಾಳಿ ನೋಡುತ್ತಿದ್ದವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರ ಖುರ್ಚಿ ನನ್ನ ಬಾಜೂಕಿತ್ತು. ಗಾಳಿ ನನಗೆ ಬಂತು.

ಬಿಸಿಲಿನ ಕರೆಂಟಿಗೆ ಸಂಜೆಯೇ ತೊಡಕು. ಸೂರ್ಯ ಇಳಿಯುವ ಹೊತ್ತಿಗೆ ಊರು ಎದ್ದು ಕೂರುತ್ತದೆ. ಮನೆಮನೆಯಲ್ಲಿ ದೀಪ, ಅಂಗಡಿಗಳಲ್ಲಿ ಝಗಝಗ, ಅಡುಗೆಮನೆಯಲ್ಲಿ ಮಿಕ್ಸರಿನ ಸದ್ದು. ಆ ಹೊತ್ತಿಗೆ ಸರಿಯಾಗಿ ಬೀಸುವ ಗಾಳಿ ಹತ್ತಿರದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಬೇಕಿತ್ತು. ಹಾಗೆ ಹುಡುಕುತ್ತ ನಾನು ಕುಬಿಹಾಳಕ್ಕೆ ಹೋದೆ.

ಊರಿನ ಹೊರಗೆ, ಎರೆ ಹೊಲಗಳ ನಡುವೆ ಒಂದು ದಿಬ್ಬವಿತ್ತು. ಗರಸು ನೆಲವಾದ್ದರಿಂದ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ, ನೆತ್ತಿಯ ಮೇಲೆ ಒಂದು ಬೇವಿನ ಮರ ಮಾತ್ರ. ಕಡಲೆ ಕಿತ್ತು ಮುಗಿದ ದಿನಗಳು. ಹೊಲದ ಯಜಮಾನರು ತಲೆಗೆ ಟವೆಲು ಸುತ್ತಿಕೊಂಡು ಬಂದರು. ನಾನು ಬಂದ ಕಾರಣ ಹೇಳಿದೆ.

“ಗಾಳಿ ಅಳಿಯಾಕ ಬಂದೀರೇನ್ರಿ?” ಎಂದು ನಕ್ಕರು. “ಯಾತರಾಗ ಅಳೀತೀರಿ, ಸೇರಿನ್ಯಾಗೋ ಕೊಳಗದಾಗೋ?”

“ಬಟ್ಲದಾಗ ಅಳೀತೇವ್ರಿ ಕಾಕಾ,” ಎಂದೆ. ಸುಳ್ಳಲ್ಲ. ಉದ್ದನೆಯ ಕಂಬದ ತುದಿಯಲ್ಲಿ ಸಣ್ಣ ಸಣ್ಣ ಬಟ್ಟಲುಗಳು ಗಾಳಿಗೆ ಗಿರಗಿರ ತಿರುಗುತ್ತವೆ. ಅವು ಎಷ್ಟು ಬೇಗ ತಿರುಗಿದವು ಎಂಬುದನ್ನು ಕಂಬದ ಬುಡದ ಪೆಟ್ಟಿಗೆ ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ಒಂದು ವರ್ಷ ಕಂಬ ನಿಲ್ಲಲು ಜಾಗ ಕೊಟ್ಟರೆ ಸಾಕು, ಗಾಳಿ ಚೆನ್ನಾಗಿದ್ದರೆ ಮುಂದೆ ದೊಡ್ಡ ಗಾಳಿಯಂತ್ರಗಳು ಬರಬಹುದು ಎಂದು ವಿವರಿಸಿದೆ.

ಕಾಕಾ ದಿಬ್ಬವನ್ನೇ ನೋಡುತ್ತ ನಿಂತರು. ಅವರ ತಂದೆಯ ಕಾಲದಲ್ಲಿ ಸುತ್ತಲಿನ ಹೊಲಗಳವರೆಲ್ಲ ಕಾಳು ತೂರಲು ಇಲ್ಲಿಗೇ ಬರುತ್ತಿದ್ದರಂತೆ. ಬೇರೆ ಕಣಗಳಲ್ಲಿ ಎಲೆ ಅಲುಗದಿದ್ದಾಗಲೂ ಇಲ್ಲಿ ಹೊಟ್ಟು ಹಾರುತ್ತಿತ್ತಂತೆ. “ನಮ್ಮ ದಿಬ್ಬದ ಗಾಳಿ ಅಂದ್ರ ಅಗದಿ ಹೆಸರಾದ ಗಾಳಿ. ಅಳೀರಿ,” ಎಂದರು.

ಅವರ ಹೆಂಡತಿ ಕಾಕು ಮಾತ್ರ ಒಪ್ಪಿರಲಿಲ್ಲ. ಕಂಬ ನಿಲ್ಲಿಸಿದ ದಿನ ಸೆರಗು ಬಾಯಿಗೆ ಹಿಡಿದು ದೂರದಲ್ಲೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, “ಮೇಡಂ, ಇದರಿಂದ ಮಾಡ ಹರದು ಹೋಗಾಂಗಿಲ್ಲಲ್ರಿ? ಗಾಳಿಕಂಬ ಬಂದಲ್ಲೆ ಮಳಿ ಓಡಿಹೋಗತೈತಿ ಅಂತಾರ,” ಎಂದರು.

“ಇಲ್ರಿ ಕಾಕು, ಇದು ಬರೇ ನೋಡ್ತೈತಿ. ಏನೂ ಮಾಡಾಂಗಿಲ್ಲ,” ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಆ ವರ್ಷ ಮುಂಗಾರು ತಡವಾದಾಗ ಆ ಹೊಲದ ರೈತರಿಗಿಂತ ನಾನೇ ಹೆಚ್ಚು ಸಲ ಆಕಾಶ ನೋಡಿದೆ. ಕೊನೆಗೆ ಒಂದು ಮಧ್ಯಾಹ್ನ ಹುಬ್ಬಳ್ಳಿಗೆ ಕಾಕುವಿನ ಫೋನು ಬಂತು. “ಬಂತವ್ವಾ, ಬಂತು! ಕೇಳಿಲ್ಲೆ!” ಎಂದು ಫೋನನ್ನು ಅಂಗಳಕ್ಕೆ ಹಿಡಿದರು. ಕಚೇರಿಯ ಫ್ಯಾನಿನ ಕೆಳಗೆ ಕೂತು ಕುಬಿಹಾಳದ ತಗಡಿನ ಮೇಲೆ ಬೀಳುವ ಮಳೆಯನ್ನು ಕೇಳಿಸಿಕೊಂಡೆ. ಆ ದಿನದಿಂದ ನಾನು ಅವರಿಗೆ ಮೇಡಂ ಆಗಿರಲಿಲ್ಲ.

ಪ್ರತಿ ತಿಂಗಳೂ ಪೆಟ್ಟಿಗೆ ತೆರೆದು ಕಂಬ ಬರೆದಿಟ್ಟದ್ದನ್ನು ತರುವುದು ನನ್ನ ಕೆಲಸ. ಕುಂದಗೋಳದವರೆಗೆ ರೈಲು, ಅಲ್ಲಿಂದ ಟಂಟಂ, ಆಮೇಲೆ ಹೊಲದ ದಾರಿ. ಕೆಲಸ ಅರ್ಧ ತಾಸಿನದು. ಆದರೆ ಕಾಕುವಿನ ಬುತ್ತಿ ಬಿಚ್ಚಿ, ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡು, ಮಜ್ಜಿಗೆ ಕುಡಿದ ಮೇಲೆ ಏಳಲು ಮನಸ್ಸಾಗುತ್ತಿರಲಿಲ್ಲ. ಬೇವಿನ ಕೆಳಗೆ ಟವೆಲು ಹಾಸಿ ಮಲಗುತ್ತಿದ್ದೆ. ಕಂಬವನ್ನು ಹಿಡಿದಿಟ್ಟ ತಂತಿಗಳು ಗಾಳಿಗೆ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಮೋಡದ ನೆರಳು ಹತ್ತಿ ಹೊಲದ ಮೇಲೆ ಹಾದು, ಮೆಣಸಿನ ಗಿಡಗಳ ಮೇಲೆ ಹಾದು, ನನ್ನ ಕಾಲಿನ ಮೇಲೆ ಬಂದು ತಂಪಾಗಿ ಸರಿದು ಹೋಗುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ದಿಬ್ಬವೇ ತೇಲುತ್ತಿದೆ ಅನ್ನಿಸುತ್ತಿತ್ತು. ಕಂಬ, ಮರ, ನಾನು, ದೂರದಲ್ಲಿ ಕಳೆ ತೆಗೆಯುವ ಕಾಕು, ಎಲ್ಲರೂ ಯಾವುದೋ ಅವಸರವಿಲ್ಲದ ನೀರಿನ ಮೇಲೆ ನವಲಗುಂದದ ಕಡೆಗೆ ಹೊರಟಿದ್ದೇವೆ. ಕಣ್ಣು ಬಿಟ್ಟರೆ ಬಟ್ಟಲುಗಳು ನೀಲಿಯಲ್ಲಿ ತಿರುಗುತ್ತಿರುತ್ತಿದ್ದವು. ಹುಬ್ಬಳ್ಳಿ ಎಂಬ ಊರೊಂದಿದೆ, ಅಲ್ಲಿ ನನಗೊಂದು ಮೇಜಿದೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಕಾಕಾ ಆಗಾಗ ಬಂದು ಬಾಜೂಕೆ ಕೂರುತ್ತಿದ್ದರು. “ಈ ತಿಂಗಳ ಹ್ಯಾಂಗೈತಿ ನಮ್ಮ ಹುಡುಗನ ಅಭ್ಯಾಸ?” ಎಂದು ಕೇಳುತ್ತಿದ್ದರು. ಹುಡುಗ ಎಂದರೆ ಗಾಳಿ. ಆಷಾಢದಲ್ಲಿ “ಭಾಳ ಶಾಣ್ಯಾ ಆಗ್ಯಾನ್ರಿ ಕಾಕಾ,” ಎಂದಿದ್ದೆ. ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರಂತೆ.

ವರ್ಷ ತುಂಬಿದಾಗ ಎಲ್ಲವನ್ನೂ ಕೂಡಿಸಿ ನೋಡಿದೆವು. ಮಳೆಗಾಲದಲ್ಲಿ ದಿಬ್ಬದ ಗಾಳಿ ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ, ಊರಿಗೆ ಅತಿ ಹೆಚ್ಚು ಕರೆಂಟು ಬೇಕಾದ ಸಂಜೆಗಳಲ್ಲಿ, ಅದು ಮಲಗಿಬಿಡುತ್ತಿತ್ತು. ಗದಗಿನ ಕಡೆಯ ಗುಡ್ಡಗಳ ಗಾಳಿ ಇದಕ್ಕಿಂತ ಬಹಳ ಮೇಲು. ನಾನು ಮತ್ತೊಮ್ಮೆ ಲೆಕ್ಕ ಹಾಕಿದೆ, ಮಗದೊಮ್ಮೆ ಹಾಕಿದೆ. ನಮ್ಮ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು, “ಎಷ್ಟ ಸಲ ಕೇಳಿದ್ರೂ ಅದನ್ನ ಹೇಳ್ತದ. ಬಿಡ್ರಿ,” ಎಂದರು. ಕಂಬ ಇಳಿಸುವುದೆಂದು ತೀರ್ಮಾನವಾಯಿತು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಹೋದೆ. ಮತ್ತೆ ಕಡಲೆಯ ಸುಗ್ಗಿ. ಕಾಕು ಚಹಾ ಕೊಟ್ಟರು. ಲೋಟ ಹಿಡಿದುಕೊಂಡೇ ಹೇಳಿದೆ. ಕಾಕಾ ನನ್ನ ಮುಖ ನೋಡಲಿಲ್ಲ.

“ಹಂಗಾರ ಫೇಲಾತೇನವ್ವಾ ನಮ್ಮ ಗಾಳಿ?”

“ಫೇಲ್ ಅಲ್ರಿ ಕಾಕಾ. ಅದರ ಹೊತ್ತು ಬ್ಯಾರೆ, ಊರಿನ ಹೊತ್ತು ಬ್ಯಾರೆ.”

“ಫೇಲಂದ್ರ ಮತ್ತೇನು?” ಎಂದು ಎದ್ದು ಹೋದರು. ಚಹಾ ಹಾಗೇ ಉಳಿಯಿತು. ಕಾಕು ನನ್ನ ಬೆನ್ನ ಮೇಲೆ ಕೈಯಿಟ್ಟು, “ಇರಲಿ ಬಿಡು. ಮಾರಿ ಸಣ್ಣದ ಮಾಡಬ್ಯಾಡ,” ಎಂದರು. ನನಗೆ ಅಳು ಬಂತು. ಒಂದು ದಿಬ್ಬದ ಮೇಲಿನ ಗಾಳಿಗಾಗಿ ಅಳಬಹುದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಕಾಕಾ ಹೊಟ್ಟು ಬೆರೆತ ಒಂದು ಬುಟ್ಟಿ ಕಡಲೆ, ಒಂದು ಮೊರ ತಗೊಂಡು ಅಂಗಳದಲ್ಲಿ ನಿಂತಿದ್ದರು. “ನಡಿ, ದಿಬ್ಬಕ್ಕ ಹೋಗೂಣು. ಕಣ್ಣೀಲೆ ನೋಡ,” ಎಂದರು. ಒಕ್ಕುವ ಯಂತ್ರ ಬಂದಮೇಲೆ ಅವರು ಕಾಳು ತೂರಿ ಎಷ್ಟೋ ವರ್ಷವಾಗಿತ್ತು. ಮೂವರೂ ಹೋದೆವು.

ದಿಬ್ಬದ ಮೇಲೆ ಕಾಕಾ ಮೊರ ತುಂಬಿ ತಲೆಯ ಮೇಲೆತ್ತಿ ಹಿಡಿದರು. ಗಾಳಿ ಇರಲಿಲ್ಲ. ಬೇವಿನ ಎಲೆ ಅಲುಗಲಿಲ್ಲ, ಕಂಬದ ಬಟ್ಟಲುಗಳು ನಿಂತಿದ್ದವು. ಸೂರ್ಯ ಕೆಂಪಗೆ ಇಳಿದ. ಕೈ ನೋಯತೊಡಗಿದಾಗ ಮೊರ ಇಳಿಸಿದರು, ಮತ್ತೆ ಎತ್ತಿದರು. ಕುಂದಗೋಳದ ಕಡೆ ದೀಪಗಳು ಹತ್ತಿದವು. ಬೆಳಕು ಇನ್ನೇನು ಹೋಗಿಯೇಬಿಟ್ಟಿತು ಅನ್ನುವಾಗ ಪೂರ್ವದಿಂದ ಅದು ಬಂತು. ಮೊದಲು ನನ್ನ ಕಿವಿಯ ಹಿಂದೆ, ಆಮೇಲೆ ಕಾಕುವಿನ ಸೆರಗಿನಲ್ಲಿ. ಕಾಕಾ ಮೊರ ಜಾಡಿಸಿದರು. ಕಾಳು ಕಾಲ ಬಳಿ ಸುರಿಯಿತು. ಹೊಟ್ಟು ಮಂಜಿನ ಹಾಗೆ ಎದ್ದು, ಉಳಿದಿದ್ದ ಚೂರು ಬೆಳಕನ್ನೆಲ್ಲ ಮೈಗೆ ಹಚ್ಚಿಕೊಂಡು, ನಮ್ಮನ್ನು ದಾಟಿ ಹೊಲದ ಕಡೆ ಹೋಯಿತು.

“ಬಂತಲ್ಲ?” ಎಂದರು.

“ಬಂತ್ರಿ ಕಾಕಾ.”

ಅವರು ಬುಟ್ಟಿ ಖಾಲಿಯಾಗುವವರೆಗೂ ತೂರಿದರು. ಆಮೇಲೆ ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ದೂರದ ದೀಪಗಳನ್ನು ನೋಡಿದರು. “ಖರೇ ಅಂದ್ರ ತಡಾ ಮಾಡಿ ಬಂತು. ಇಷ್ಟೊತ್ತನಕ ನಿಮ್ಮ ಮಂದಿ ಕತ್ತಲಾಗ ಕುಂದರತಾರೇನು?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕಂಬ ಇಳಿಸುವ ದಿನ ಕಾಕು ಎಲ್ಲರಿಗೂ ಊಟ ಹಾಕಿದರು. ಬಟ್ಟಲುಗಳು ನೆಲಕ್ಕೆ ಇಳಿದಾಗ ಕಾಕಾ ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿ, “ಇಷ್ಟ ಸಣ್ಣೂ!” ಎಂದರು.

ಆ ಮೇಲೆ ಕಚೇರಿಯವರು ಅದೇ ದಿಬ್ಬದಲ್ಲಿ ಬಿಸಿಲಿನ ಫಲಕ ಹಾಕಬಹುದೇ ಎಂದು ಕೇಳಿಸಿದರು. “ದಿಬ್ಬದ ಬಿಸಲ ನನ್ನ ಮೆಣಸಿನಕಾಯಿಗೆ ಬೇಕು. ಮತ್ತೆಲ್ಲೆ ಒಣಗಸ್ಲಿ?” ಎಂದು ಕಾಕು ಒಂದೇ ಮಾತಿನಲ್ಲಿ ಮುಗಿಸಿದರು. ಹಾಗಾದರೆ ನಿಮಗೆ ಏನು ಬೇಕು ಎಂದು ಕಾಕಾರನ್ನು ಕೇಳಿದೆ. ಬೋರ್‌ವೆಲ್ ಪಂಪಿಗೆ ಕರೆಂಟು ರಾತ್ರಿ ಬರುತ್ತಿತ್ತು, ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗಬೇಕಿತ್ತು. “ಹಗಲಿ ಕೊಡ್ರಿ. ಅಷ್ಟ ಸಾಕು,” ಎಂದರು. ಬೇರೆ ಊರುಗಳವರೂ ಅದನ್ನೇ ಕೇಳಿದ್ದರು. ಊರಿಗೆ ಬೆಳಕು ತರುವ ಯೋಜನೆಯಲ್ಲಿ ಸುತ್ತಲಿನ ಹಳ್ಳಿಗಳ ಪಂಪುಗಳಿಗೆ ಹಗಲಿನ ಬಿಸಿಲಿನ ಕರೆಂಟು ಎಂಬುದನ್ನೂ ಸೇರಿಸಿದೆವು. ಯೋಜನೆಯ ಎಷ್ಟೋ ಭಾಗ ಇನ್ನೂ ಕಾಗದದಲ್ಲೇ ಇದೆ. ಇದೊಂದು ಹೇಗೋ ಆಯಿತು. ಕಾಕಾ ಈಗ ರಾತ್ರಿ ಮನೆಯಲ್ಲಿ ಮಲಗುತ್ತಾರೆ.

ಹೋದ ದೀಪಾವಳಿಗೆ ಇಬ್ಬರೂ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದರು. ಮುಸ್ಸಂಜೆ ಮಾಳಿಗೆಗೆ ಕರೆದೊಯ್ದೆ. ಉಣಕಲ್ ಕಡೆಯವರೆಗೂ ಊರು ಸಾಲುಸಾಲಾಗಿ ಹತ್ತಿಕೊಳ್ಳುತ್ತಿತ್ತು.

“ಇದರಾಗ ಗಾಳಿ ದೀಪ ಯಾವೂ, ಬಿಸಲಿನವು ಯಾವೂ?” ಎಂದು ಕಾಕು ಕೇಳಿದರು.

“ತಂತಿಯೊಳಗ ಎಲ್ಲಾ ಕೂಡಿ ಬರ್ತೈತ್ರಿ ಕಾಕು, ಇದು ಅದರದು ಅಂತ ಹೇಳಾಕ ಬರಾಂಗಿಲ್ಲ. ಕಲ್ಲಿದ್ದಲಿಂದೂ ಇನ್ನೂ ಐತಿ.”

ಕಾಕು ಕಟ್ಟೆಗೆ ಗಲ್ಲ ಊರಿ ಬಹಳ ಹೊತ್ತು ನೋಡಿದರು. ಕಾಕಾ ಚಾಪೆ ಬಿಚ್ಚಿ ಕಾಲು ಚಾಚಿದರು. ಕೆಳಗೆ ಯಾರೋ ಮಕ್ಕಳು ಸುರುಸುರುಬತ್ತಿ ಹಚ್ಚಿದ್ದರು, ಅದರ ಹೊಗೆ ಮೇಲೆ ಬರುತ್ತಿತ್ತು. ಊಟಕ್ಕೆ ಏಳಿರಿ ಎಂದು ನಾನು ಹೇಳಬೇಕಿತ್ತು. ಅವರ ಬಾಜೂಕೆ ನಾನೂ ಮಲಗಿದೆ.