ದಮ್ಮಿಲ್ಲದವರು ಯಾರು?

ಕೆರೆಯ ಮೆಟ್ಟಿಲಿನ ನಡುವೆ ನನ್ನ ಹೆಂಡತಿ ಗಂಗವ್ವ ಕೊಡ ಇಳಿಸಿ ಕುಳಿತುಬಿಟ್ಟಳು. ಉಸಿರು ಸಿಗದೆ ಬಾಯಿ ತೆರೆದಿದ್ದಳು. ನೀರಿಗೆ ಬಂದ ಹೆಂಗಸರೆಲ್ಲ ನೋಡುತ್ತಿದ್ದರು. ನನಗೆ ಅವಮಾನವೆನಿಸಿತು.

“ಇಷ್ಟಕ್ಕ ಅಂಜತಿ? ನಿನಗ ದಮ್ಮ ಇಲ್ಲ ಬಿಡು,” ಎಂದೆ.

ಎಪ್ಪತ್ತರ ದಶಕದ ಮಾತು. ನಮ್ಮ ನವಲಗುಂದದ ಕಡೆ ದಮ್ಮು ಎಂದರೆ ಉಸಿರೂ ಹೌದು, ಧೈರ್ಯವೂ ಹೌದು. ಅವಳಿಗಿದ್ದದ್ದು ಉಬ್ಬಸ, ನಾನು ಪುಕ್ಕಲುತನವೆಂದು ತಿಳಿದೆ. ಅಂದಿನಿಂದ ಅವಳು ಮೆಟ್ಟಿಲು ಕಂಡರೇ ಅಂಜತೊಡಗಿದಳು. ಅಂಜಿದರೆ ಉಸಿರು ಕಟ್ಟುತ್ತಿತ್ತು, ಉಸಿರು ಕಟ್ಟಿದರೆ ಅಂಜಿಕೆ ಇನ್ನೂ ಹೆಚ್ಚುತ್ತಿತ್ತು. ಕೊನೆಗೆ ಅವಳ ಅಣ್ಣ ದವಾಖಾನೆಗೆ ಕರೆದೊಯ್ದ. ಡಾಕ್ಟರು ಎದೆಗೆ ಔಷಧಿ ಕೊಟ್ಟರು. ಗಾಬರಿಯಾದಾಗ ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದಿ ಆರಿಸಿದಂತೆ ನಿಧಾನವಾಗಿ ಉಸಿರು ಬಿಡಲು ಕಲಿಸಿದರು.

ಸುಗ್ಗಿಯ ಹೊತ್ತಿಗೆ ಒಂದು ಮುಂಜಾನೆ ಗಂಗವ್ವ ತುಂಬಿದ ಕೊಡ ಹೊತ್ತು, ತುಟಿ ಮುಂದೆ ಮಾಡಿ ಊದುತ್ತ, ಎಲ್ಲಿಯೂ ಕುಳಿತುಕೊಳ್ಳದೆ ಮೆಟ್ಟಿಲೆಲ್ಲ ಏರಿದಳು. ಬಿದ್ದಾಳೆಂದು ಹಿಂದೆಯೇ ಓಡಿದ ನಾನು, ಬೀಡಿ ಸೇದಿದ ಎದೆಯವನು, ತೇಕುತ್ತ ಮೇಲೆ ಬಂದೆ. ಅವಳು ಕೊಡ ಇಳಿಸದೆಯೇ ತಿರುಗಿದಳು.

“ಈಗ ಹೇಳ್ರಿ, ದಮ್ಮಿಲ್ಲದವ್ರು ಯಾರು?”

ಕೆರೆಯ ದಂಡೆಯೆಲ್ಲ ನಕ್ಕಿತು. ನಾನು ಬಾಯಿ ತೆರೆದು ಕೊನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಈಗ ಮುಪ್ಪಿನಲ್ಲಿ ಕಟ್ಟೆ ಏರಿದರೂ ನನಗೆ ಎದೆ ಹಿಡಿದಂತಾಗಿ ಗಾಬರಿಯಾಗುತ್ತದೆ. ಗಂಗವ್ವ ಬಾಜೂಕ ನಿಂತು, “ಅಂಜಬ್ಯಾಡ್ರಿ, ಚಹಾ ಆರಿಸ್ರಿ,” ಎನ್ನುತ್ತಾಳೆ. ಅಂದು ಮೆಟ್ಟಿಲ ಮೇಲೆ ‘ಅಂಜಬ್ಯಾಡ’ ಎಂಬ ಆ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು.