ಶನಿವಾರದ ಕಬ್ಬಿಣ

ನಮ್ಮ ಡಾಕ್ಟರ್ ಬಾಯಾರ ಎಡಗೈ ಉಂಗುರ ಬೆರಳಿನ ತುದಿ, ಸೂಜಿ ಚುಚ್ಚಿದ ಕಲೆಗಳಿಂದ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಹಾಗೆ ಕಾಣುತ್ತಿತ್ತು. ರಕ್ತ ಪರೀಕ್ಷೆಗೆ ಯಾವ ಮನೆಗೆ ಹೋದರೂ ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಳ್ಳುವರು. "ನೋಡ್ರಿ, ನಾ ಅತ್ತೇನೇನು?" ಎಂದು ಕೇಳಿ, ಆಮೇಲೆ ಎದುರಿನವರ ಬೆರಳು ಹಿಡಿಯುವರು. ಒಂದು ದಿನ ನಾನು ಎಣಿಸಿದೆ: ಹನ್ನೊಂದು ಸಲ.

ಅವರು ವಿಜಾಪುರದ ಜೋರಾಪುರ ಪೇಟೆಯ ಹೆಣ್ಣುಮಗಳೇ. ಮುಂಬಯಿಯಲ್ಲಿ ಕಲಿತು, ನೆತ್ತರಿಗೆ ಕಬ್ಬಿಣ ಹೇಗೆ ಸೇರುತ್ತದೆ, ಹೇಗೆ ಕಡಿಮೆಯಾಗುತ್ತದೆ ಎಂಬ ಸಂಶೋಧನೆ ಹಿಡಿದು, ಅರವತ್ತರ ದಶಕದ ಮೊದಲಲ್ಲಿ ಊರಿಗೆ ಮರಳಿದ್ದರು. ದಾಖಲೆ ಬರೆಯಲು ಒಬ್ಬರು ಬೇಕಿತ್ತು. ಮ್ಯಾಟ್ರಿಕ್ ಮುಗಿಸಿ ಟಿಕೋಟಾದ ಮನೆಯಲ್ಲಿದ್ದ ಹುಡುಗಿ ನಾನು, ನನ್ನ ದಿನಚರಿ ತೋರಿಸಿದೆ. ಎರಡು ಪುಟ ತಿರುವಿದವರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಅಕ್ಷರ ದುಂಡಗ ಅದಾವ. ರೆಪ್ಪಿ ಮಾತ್ರ ಬೆಳ್ಳಗೈತಿ, ರಕ್ತ ಕಡಿಮಿ. ನಾಳಿಂದ ಬಾ, ದಿನಾ ಒಂದ ಕಬ್ಬಣದ ಗುಳಗಿ ತಗೋ."

ಯಾರು ಸಿಕ್ಕರೂ ಅವರಿಗೆ ಮೊದಲು ಕಾಣುತ್ತಿದ್ದದ್ದು ರೆಪ್ಪೆಯೇ. ಬಬಲೇಶ್ವರದ ಬಸ್ಸಿನ ಕಂಡಕ್ಟರ್ ಒಮ್ಮೆ ಕೂಗಿದ: "ಬಾಯಾರ, ನಾ ಟಿಕೀಟ್ ಕೇಳಿದ್ರ ನೀವು ಕಣ್ಣ ಹಿಸೀತೀರಲ್ರಿ!"

ಕೆಲಸ ಎರಡು ಊರುಗಳಲ್ಲಿ. ರಕ್ತ ಕಡಿಮೆಯಿದ್ದ ಹೆಂಗಸರಿಗೆ ವಾರಕ್ಕೊಮ್ಮೆ ಏಳು ದಿನದ ಕಬ್ಬಿಣದ ಗುಳಿಗೆ ಪೊಟ್ಟಣ ಕಟ್ಟಿ ಕೊಡುವುದು, ಎರಡು ತಿಂಗಳ ಮೇಲೆ ಮತ್ತೆ ರಕ್ತ ನೋಡುವುದು. ಬುಧವಾರ ಬಬಲೇಶ್ವರ, ಶನಿವಾರ ಕಳ್ಳಕವಟಗಿ. ಜೀಪು ಸಿಗುತ್ತಿದ್ದದ್ದು ಆ ಎರಡು ದಿನವೇ. ಬಾಯಾರು ಏನನ್ನೂ ಮುಚ್ಚಿಡುವವರಲ್ಲ. "ಇದು ಕಬ್ಬಣರಿ. ನಿಮ್ಮ ಕುಡಗೋಲದಾಗ ಇರೂದು ನಿಮ್ಮ ನೆತ್ತರದಾಗೂ ಇರಬೇಕು" ಎನ್ನುವರು. ನಾನು ಪ್ರತಿ ವಾರ "ಗುಳಗಿ ತಗೊಂಡ್ರಿ?" ಎಂದು ಕೇಳಿ, "ತಗೊಂಡೇವ್ರಿ" ಎಂದವರ ಮುಂದೆ ಟಿಕ್ ಹಾಕುತ್ತಿದ್ದೆ.

ಎರಡು ತಿಂಗಳಾದವು. ಬಬಲೇಶ್ವರದಲ್ಲಿ ಎಲ್ಲರ ರಕ್ತ ಏರಿತ್ತು. ಕಳ್ಳಕವಟಗಿಯಲ್ಲಿ ಹದಿನೆಂಟು ಹೆಂಗಸರಲ್ಲಿ ಒಬ್ಬಳದು ಮಾತ್ರ. ಬಾಯಾರು ನಗುವುದನ್ನೇ ಬಿಟ್ಟರು. ಗುಳಿಗೆ ಫಲಿಸದಿದ್ದರೆ ಮೇಲಿನವರು ಆ ಊರಿನ ಕೆಲಸ ನಿಲ್ಲಿಸುತ್ತಿದ್ದರು, ಮತ್ತೆ ಗುಳಿಗೆ ಬರುತ್ತಿರಲಿಲ್ಲ. "ಇವರ ನೆತ್ತರದಾಗ ಬ್ಯಾರೆ ಏನೋ ಬ್ಯಾನಿ ಐತಿ" ಎಂದು ವರದಿ ಬರೆದು ಲಕೋಟೆಗೂ ಹಾಕಿದರು.

ನಾನು ದಿನಚರಿ ತೆಗೆದು ಆ ಒಬ್ಬಳ ಹೆಸರು ಹುಡುಕಿದೆ. ಶನಿವಾರ ಆಕೆ ಕೂಲಿಗೆ ಹೋಗುತ್ತಿದ್ದಳು. ರವಿವಾರ ಟಿಕೋಟಾದ ಅಕ್ಕನ ಮನೆಗೆ ಬಂದಾಗ ನನ್ನ ಕೈಯಿಂದ ಗುಳಿಗೆ ಒಯ್ಯುತ್ತಿದ್ದಳು. ಎಂಟು ವಾರ, ಎಂಟು ರವಿವಾರ.

"ಬಾಯಾರ, ಈಕೀದು ವಾರ ಅಷ್ಟ ಬ್ಯಾರೆ ಐತ್ರಿ" ಎಂದೆ.

ಲಕೋಟೆ ಟಪಾಲಿಗೆ ಹೋಗದೆ ಜೀಪಿನಲ್ಲೇ ಉಳಿಯಿತು. ಕಳ್ಳಕವಟಗಿಯ ಮೊದಲ ಮನೆಯ ಅಜ್ಜಿಯನ್ನು ಬಾಯಾರೇ ಕೇಳಿದರು: "ನಿನ್ನ ಸೊಸಿ ಗುಳಗಿ ತಗೊಂಡಾಳಿಲ್ಲೋ?"

"ತಗೊಂಡಾಳ್ರಿ. ಎಲ್ಲಾ ಇಟ್ಟೇವಿ, ಬರ್ರಿ ತೋರಸ್ತೇನಿ."

ದನದ ಕೊಟ್ಟಿಗೆಯ ಗೂಡಿನಲ್ಲಿ, ಕೊಟ್ಟ ಕಾಗದದಲ್ಲೇ, ಎಂಟು ಪೊಟ್ಟಣ ಸಾಲಾಗಿದ್ದವು.

"ನುಂಗಿಲ್ಲೇನ ಬೇ?"

"ಶನಿವಾರ ಕಬ್ಬಣ ಮನಿಯೊಳಗ ಒಯ್ತಾರೇನ್ರಿ? ಹೊಟ್ಟಿಯೊಳಗ ಹೆಂಗ ಒಯ್ಯೂದು? ನೀವು ಅಷ್ಟ ದೂರದಿಂದ ತಂದೀರಿ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ತಗೊಂಡ್ವಿ."

"ರವಿವಾರ ನುಂಗಬೇಕಿತ್ತಿಲ್ಲೋ?"

"ಶನಿವಾರ ಬಂದ ಕಬ್ಬಣ ರವಿವಾರ ಬೆಲ್ಲ ಆಗ್ತೈತೇನ್ರಿ?"

ಬಾಯಾರು ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲೆ ಕುಳಿತು, ಎಮ್ಮೆ ಬೆದರುವಷ್ಟು ನಕ್ಕರು. "ನಮ್ಮವ್ವ ಶನಿವಾರ ಒಂದ ಮೊಳಿ ಸುದ್ದಾ ತರಸ್ತಿರಲಿಲ್ಲ. ಮುಂಬಯಿಗೆ ಹೋಗಿ ಎಲ್ಲಾ ಕಲತೆ, ಇದೊಂದ ಮರತೆ ನೋಡು!" ಆಮೇಲೆ ಅಜ್ಜಿಯ ಕೈ ಹಿಡಿದು, "ಯಾವ ವಾರ ತರ್ಲಿ, ನೀನ ಹೇಳು" ಎಂದರು. ಅಜ್ಜಿ ಶುಕ್ರವಾರ ಎಂದಳು. ಶುಕ್ರವಾರ ಜೀಪು ಸಿಗಲಿಲ್ಲ. ಬಾಯಾರು ಬಸ್ಸಿಗೆ ಹೋದರು, ಎಂಟು ವಾರವೂ. ಹದಿನೆಂಟು ಹೆಂಗಸರ ರಕ್ತವೂ ಏರಿತು.

ಗೂಡು ನೋಡಿದ ದಿನ ಜೀಪಿನಲ್ಲಿ ಮರಳುವಾಗ ನಾನೂ ಒಪ್ಪಿಕೊಳ್ಳಬೇಕಾಯಿತು. ಆ ಗುಳಿಗೆಯ ತುಕ್ಕು ವಾಸನೆ ನನಗೆ ಆಗುತ್ತಿರಲಿಲ್ಲ. ದಿನಚರಿಯಲ್ಲಿ ದಿನಾ "ತಗೊಂಡೆ" ಎಂದು ಬರೆದದ್ದು ಸುಳ್ಳಲ್ಲ. ತೆಗೆದುಕೊಂಡು ಡಬ್ಬಿಗೆ ಹಾಕುತ್ತಿದ್ದೆ.

"ಎಷ್ಟ ಅದಾವ?"

"ಅರವತ್ತೊಂದರಿ."

"ಎಣಿಸೂದೊಂದು ಬಿಡಲಿಲ್ಲ ನೀನು!" ಎಂದು ಬೆನ್ನಿಗೆ ಗುದ್ದಿದರು. ಆ ರಾತ್ರಿಯೇ ಮೊದಲನೆಯದನ್ನು ನುಂಗಿದೆ. ಅರ್ಧ ಗುಡ್ಡ ಹತ್ತಿದರೆ ಏದುಸಿರು ಬಿಡುತ್ತಿದ್ದವಳು ಕೆಲವು ತಿಂಗಳಲ್ಲಿ ಟಿಕೋಟಾದಿಂದ ಕಳ್ಳಕವಟಗಿಗೆ ನಡೆದೇ ಹೋಗುವಂತಾದೆ.

ಕೆಲವು ವರ್ಷಗಳ ಮೇಲೆ ಅವರಿಗೆ ಪುಣೆಗೆ ವರ್ಗವಾಯಿತು. ಸ್ಟೇಷನ್ನಿನಲ್ಲಿ, ಅಳು ಬರಬಾರದೆಂದು, "ಇವತ್ತ ಶನಿವಾರರಿ. ಗಾಡಿ, ಹಳಿ ಎಲ್ಲಾ ಕಬ್ಬಣ" ಎಂದೆ.

"ಒಳಗ ತರೂದಲ್ಲ, ಊರ ಬಿಟ್ಟ ಹೊರಗ ಒಯ್ಯೂದು. ನಡೀತೈತಿ!"

ಕಿಟಕಿಯಿಂದ ಕೈ ಚಾಚಿ ನನ್ನ ರೆಪ್ಪೆ ಎಳೆದರು. ಎಳ್ಳು ರೊಟ್ಟಿಯಂಥ ಆ ಬೆರಳು ಕೆನ್ನೆಗೆ ಒರಟಾಗಿ ತಾಗಿತು.

"ಕೆಂಪಗೈತಿ. ತಗೊಂಡೀ?"

"ನುಂಗೇನ್ರಿ, ಬಾಯಾರ."