ಶುಕ್ರವಾರದ ಆರತಿ

ಅರವತ್ತರ ದಶಕದಲ್ಲಿ ನಾನು ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಪ್ರತಿ ಶುಕ್ರವಾರ ಹೊರಡುವ ಮುಂಚೆ ಡ್ರೈವರ್ ರಾಜಣ್ಣ ಬಸ್ಸಿಗೆ ಕಾಯಿ ಒಡೆದು, ಕರ್ಪೂರ ಹಚ್ಚಿದ ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯುತ್ತಿದ್ದ.

ಒಂದು ಶುಕ್ರವಾರ ಮುಂದಿನ ಸೀಟಿನಲ್ಲಿದ್ದ ನರ್ಸಮ್ಮ ಮಾತ್ರ ಕೈ ಚಾಚಲಿಲ್ಲ. "ನಾನು ಕ್ರಿಶ್ಚಿಯನ್ ಅಣ್ಣಾ, ಆರತಿ ತಗೊಳ್ಳಲ್ಲ. ಬೇಜಾರು ಮಾಡ್ಕೋಬೇಡಿ" ಅಂದರು.

"ಹಾಗಾದ್ರೆ ಇಳಿದು ನಡ್ಕೊಂಡು ಹೋಗಮ್ಮ" ಅಂತ ಹಿಂದಿನಿಂದ ಯಾರೋ ಅಂದರು. ಆಕೆ ಇಳಿಯಲಿಲ್ಲ. ರಾಜಣ್ಣ ತಟ್ಟೆಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಸಿಟ್ಟಿಗೆ ಅಂದುಕೊಂಡೆ.

ತೀರ್ಥಹಳ್ಳಿಯಲ್ಲಿ ಬಸ್ಸು ಖಾಲಿಯಾದ ಮೇಲೆ ಅವನು ಹಣೆಯ ಕುಂಕುಮ ಒರೆಸಿಕೊಂಡ. "ನಾನೂ ಕ್ರಿಶ್ಚಿಯನ್ನೇ ಮಾರಾಯ. ಹೆಸರು ಲಾಜರಸ್. ಗೊತ್ತಾದ್ರೆ ಬಸ್ಸಿನ ಸಾಹುಕಾರ್ರು ಕೆಲಸ ಕೊಡಲ್ಲ ಅಂತ ರಾಜಣ್ಣ ಆದೆ" ಅಂದ.

ವರ್ಷಗಟ್ಟಲೆ ಅವನ ಕೈಯಿಂದಲೇ ಆರತಿ ತಗೊಂಡವನು ನಾನು.

ಮುಂದಿನ ಶುಕ್ರವಾರ ತುಂಬಿದ ಬಸ್ಸಿನ ಎದುರೇ ಅವನು, "ನಾನು ಕ್ರಿಶ್ಚಿಯನ್. ಇನ್ಮೇಲೆ ಪೂಜೆ ಇವನು ಮಾಡ್ತಾನೆ" ಅಂತ ತಟ್ಟೆ ನನ್ನ ಕೈಗಿಟ್ಟು, ಸ್ಟೇರಿಂಗ್ ಹಿಡಿದು ಕೂತ. ಬಸ್ಸೆಲ್ಲ ಗುಸುಗುಸು. ಆದರೆ ಇಳಿದು ನಡೆದವರು ಯಾರೂ ಇಲ್ಲ. ದಿನಕ್ಕೆ ಇದ್ದದ್ದು ಅದೊಂದೇ ಬಸ್ಸು.